72 ಮೀಟರ್ ತಂತಿಯ ಆಚೆಗಿರುವ ಪೈ: ಕಾರಟಗಿಯ ಭತ್ತದ ಗೋದಾಮಿಗೆ ಖಾಸಗಿ ಜಾಲ ಎಳೆದ ದಾಖಲೆ

ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ನನ್ನ ಸೋದರಮಾವನ ಭತ್ತದ ಗೋದಾಮಿದೆ. ಅದರೊಳಗೆ ಆರು ಉಷ್ಣಾಂಶ ಸೆನ್ಸರ್‌ಗಳಿರುವ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಹಲಗೆಯೊಂದನ್ನು ಕೂರಿಸಿ, ಮುಂಭಾಗದ ಕಚೇರಿಯ ಕಂಪ್ಯೂಟರಿಗೆ ಇಂಟರ್ನೆಟ್ಟಿನ ಗೊಡವೆಯೇ ಇಲ್ಲದ ಪ್ರತ್ಯೇಕ ಜಾಲದ ಮೂಲಕ ಜೋಡಿಸಿದ್ದೇನೆ. ಎರಡು ದಿನದಲ್ಲಿ ಮುಗಿಯಬಹುದೆಂದು 2024ರ ನವೆಂಬರ್ 9ರಂದು ಆರಂಭಿಸಿದ ಕೆಲಸ ಡಿಸೆಂಬರ್ 15ಕ್ಕೆ ಮುಗಿಯಿತು. ನಾನು ಗಂಗಾವತಿಯಲ್ಲಿ ಎಲೆಕ್ಟ್ರಾನಿಕ್ಸ್ ದುರಸ್ತಿಯ ಕೆಲಸ ಮಾಡುವವನಾದ್ದರಿಂದ ಶನಿವಾರ ಮತ್ತು ಭಾನುವಾರ ಮಾತ್ರ ಕಾರಟಗಿಗೆ ಹೋಗಲು ಸಾಧ್ಯವಿತ್ತು. ಅಷ್ಟು ವಾರಗಳು ಹಿಡಿಯಲು ಅದೊಂದೇ ಕಾರಣವಲ್ಲ. ಜಾಲ ಕೆಟ್ಟಾಗ ಒಂದಕ್ಕಿಂತ ಹೆಚ್ಚು ಸಲ ನಾನು ಪೈಯನ್ನೇ ಅನುಮಾನಿಸಿದೆ, ಆದರೆ ಒಂದು ಸಲವೂ ಮೂಲ ದೋಷ ಅದರ ಹಲಗೆಯಲ್ಲಿರಲಿಲ್ಲ. ಯಾವ ತಪ್ಪು ಎಲ್ಲಿತ್ತು ಎಂಬುದನ್ನು ದಿನಾಂಕದ ಕ್ರಮದಲ್ಲಿ ಬರೆದಿಡುತ್ತಿದ್ದೇನೆ.

ಇದರ ಅಗತ್ಯ ಹುಟ್ಟಿದ್ದು ಹಿಂದಿನ ವರ್ಷ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ಕೊಯ್ಲಿನ ಹೊತ್ತಿಗೆ ಭತ್ತ 75 ಕಿಲೋದ ಚೀಲಗಳಲ್ಲಿ ಒಂದೇ ಸಮನೆ ಬಂದು ಬೀಳುತ್ತದೆ, ಸರಿಯಾಗಿ ಒಣಗದ ಚೀಲಗಳೂ ಒಣಗಿದವುಗಳ ನಡುವೆ ಸೇರಿಬಿಡುತ್ತವೆ. ಉತ್ತರದ ಮೂಲೆಯ ನಿಟ್ಟನ್ನು, ಅಂದರೆ ಒಂದರ ಮೇಲೊಂದು ಪೇರಿಸಿದ ಚೀಲಗಳನ್ನು, ಹಮಾಲರು ಇಳಿಸುವಾಗ ಐದನೆಯ ಸಾಲಿನ ಚೀಲಗಳು ಕೈಗೆ ಬೆಚ್ಚಗೆ ತಾಗಿದವು, ಬಾಯಿ ಬಿಚ್ಚಿದರೆ ಮುಗ್ಗಲು ವಾಸನೆ, ಕಾಳು ಸುಲಿದರೆ ಅಕ್ಕಿ ಹಳದಿ. ಮೇಲಿನ ಚೀಲಗಳು ತಣ್ಣಗಿದ್ದ ಕಾರಣ ಹೊರಗಿನಿಂದ ಯಾರಿಗೂ ತಿಳಿಯಲಿಲ್ಲ. "ನಮ್ಮಪ್ಪ ಹಗೇವಿನಾಗ ಕೈ ಹಾಕಿ ಕಾವು ನೋಡತಿದ್ದ ಅಳಿಯಾ, ನಾ ಈ ನಿಟ್ಟಿನಾಗ ಎಲ್ಲಿ ಕೈ ಹಾಕಲಿ?" ಎಂದು, ನೆಲದೊಳಗಿನ ಕಾಳಿನ ಗುಂಡಿಯಾದ ಹಗೇವನ್ನು ನೆನೆದು ಮಾಮ ಕೇಳಿದ ಪ್ರಶ್ನೆಗೆ ಉತ್ತರವಾಗಿ ಈ ಕೆಲಸ ಶುರುವಾಯಿತು.

ಬೇಕಾದದ್ದು ಇಷ್ಟು. ನಿಟ್ಟಿನ ಒಳಗೆ ಐದು ಸೆನ್ಸರ್‌ಗಳು, ಹೊರಗಿನ ಗಾಳಿಗೆ ಒಂದು. ಹತ್ತು ನಿಮಿಷಕ್ಕೊಮ್ಮೆ ಅಳತೆ. ಕಚೇರಿಯ ಕಂಪ್ಯೂಟರಿನಲ್ಲಿ ಗುಮಾಸ್ತರು ತೆರೆದು ನೋಡಬಹುದಾದ ಒಂದು ಪುಟ. ಕಚೇರಿಯಿಂದ ಪೈ ಕೂರುವ ಗೋಡೆಯವರೆಗೆ, ತಿರುವುಗಳೆಲ್ಲ ಸೇರಿ, ಟೇಪಿನಲ್ಲಿ ಅಳೆದಾಗ 72 ಮೀಟರ್ ಬಂತು. ತಾಮ್ರದ ಎತರ್ನೆಟ್ ತಂತಿಗೆ 100 ಮೀಟರ್ ಮಿತಿ ಇರುವುದರಿಂದ ನಡುವೆ ಸ್ವಿಚ್ ಬೇಕಿರಲಿಲ್ಲ. ತಗಡಿನ ಛಾವಣಿ ಮತ್ತು ಎದೆಯೆತ್ತರ ಮೀರಿದ ಚೀಲಗಳ ನಡುವೆ ವೈಫೈಯನ್ನು ನಂಬುವ ಮನಸ್ಸು ನನಗಿರಲಿಲ್ಲ.

ನವೆಂಬರ್ 9, ಶನಿವಾರ: ಮನೆಯ ಮೇಜಿನ ಮೇಲೆ

ನನ್ನಲ್ಲಿ ಹಳೆಯ ಪೈ 3 ಮಾಡೆಲ್ ಬಿ ಇತ್ತು. 32 ಜಿಬಿ ಕಾರ್ಡಿಗೆ ಬುಕ್‌ವರ್ಮ್ ಆವೃತ್ತಿಯ ರಾಸ್ಪ್‌ಬೆರಿ ಪೈ ಓಎಸ್ ಬರೆದೆ. ಬರೆಯುವಾಗಲೇ ಬಳಕೆದಾರನ ಹೆಸರು, ಗುಪ್ತಪದ, ಮನೆಯ ವೈಫೈ ವಿವರ ತುಂಬಿ, ಜಾಲದ ಮೂಲಕ ಬೇರೆ ಯಂತ್ರದಿಂದ ಒಳಹೋಗಲು ಬಿಡುವ ಎಸ್‌ಎಸ್‌ಎಚ್ ಸೌಲಭ್ಯವನ್ನು ತೆರೆದಿಟ್ಟೆ. ಮೊದಲಿನಂತೆ ಸಿದ್ಧ ಹೆಸರು ಮತ್ತು ಸಿದ್ಧ ಗುಪ್ತಪದ 2022ರಿಂದ ಇಲ್ಲವಾದ್ದರಿಂದ ಈ ಹಂತವನ್ನು ಬಿಟ್ಟರೆ ಪರದೆ ಮತ್ತು ಕೀಲಿಮಣೆ ಇಲ್ಲದೆ ಒಳಹೋಗಲು ದಾರಿಯಿರುವುದಿಲ್ಲ. ವೈಫೈ ಮೂಲಕ ಒಳಹೋದದ್ದು ಸರಾಗವಾಗಿಯೇ ಆಯಿತು.

ತೊಡಕು ತಂತಿ ಚುಚ್ಚಿದ ಮೇಲೆ ಬಂತು. ನನ್ನ ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಕಿಂಡಿ ಇಲ್ಲ, ಆದ್ದರಿಂದ 650 ರೂಪಾಯಿಯ ಯುಎಸ್‌ಬಿ ಅಡಾಪ್ಟರ್ ಕೊಂಡಿದ್ದೆ. ಒಂದು ಮೀಟರ್ ತಂತಿಯಿಂದ ಪೈಗೆ ನೇರವಾಗಿ ಜೋಡಿಸಿದಾಗ ಎರಡೂ ಕಡೆ ದೀಪ ಬೆಳಗಿದವು, ಆದರೆ ಲ್ಯಾಪ್‌ಟಾಪ್ 169.254ರಿಂದ ಆರಂಭವಾಗುವ ವಿಳಾಸವೊಂದನ್ನು ತಾನೇ ಇಟ್ಟುಕೊಂಡು ಕುಳಿತಿತು. ವಿಳಾಸ ಹಂಚುವ ರೂಟರ್ ನಡುವೆ ಇಲ್ಲದಿದ್ದಾಗ ಹೀಗಾಗುವುದು ಸಹಜ, ಎರಡೂ ಕಡೆ ಕೈಯಾರೆ ವಿಳಾಸ ಕೊಡಬೇಕು. ಹಳೆಯ ಟಿಪ್ಪಣಿ ಪುಸ್ತಕದಲ್ಲಿ ನಾನೇ ಬರೆದುಕೊಂಡಿದ್ದ ವಿಧಾನದಂತೆ ಜಾಲದ ವಿಳಾಸ ಬರೆದಿಡುವ ಡಿಎಚ್‌ಸಿಪಿಸಿಡಿ ಕಡತದ ಕೊನೆಗೆ ನಾಲ್ಕು ಸಾಲು ಸೇರಿಸಿ ಪೈಯನ್ನು ಮರಳಿ ಆರಂಭಿಸಿದೆ. ವಿಳಾಸ ಬರಲಿಲ್ಲ. ಅಕ್ಷರ ತಪ್ಪಿರಬಹುದೆಂದು ಮೂರು ಸಲ ಬರೆದೆ, ತಂತಿ ಬದಲಿಸಿದೆ, ಕಾರ್ಡನ್ನು ಮತ್ತೆ ಹೊಸದಾಗಿ ಬರೆದೆ. ಸಂಜೆ ನಾಲ್ಕರಿಂದ ಏಳೂವರೆಯವರೆಗಿನ ಸಮಯ ಇದರಲ್ಲೇ ಕಳೆಯಿತು.

2023ರ ಅಕ್ಟೋಬರಿನಲ್ಲಿ ಬಂದ ಬುಕ್‌ವರ್ಮ್‌ನಿಂದ ಜಾಲದ ಹೊಣೆ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಬೇರೆ ತಂತ್ರಾಂಶಕ್ಕೆ ಹೋಗಿದೆ, ಹಳೆಯ ಕಡತದಲ್ಲಿ ಏನು ಬರೆದರೂ ಅದನ್ನು ಓದುವವರು ಯಾರೂ ಇಲ್ಲ. ಅಂಥ ಕಡತ ಮೊದಲಿನಿಂದ ಇಲ್ಲದಿದ್ದರೂ ಸಂಪಾದಕ ಅದನ್ನು ಹೊಸದಾಗಿ ಸೃಷ್ಟಿಸಿ ಕೊಡುವುದರಿಂದ ತಪ್ಪಿನ ಸುಳಿವು ಸಿಗುವುದಿಲ್ಲ. ಕಡತ ತೆರೆದಾಗ ಅದು ಖಾಲಿ ಇದ್ದದ್ದನ್ನು ನಾನು ಕಂಡಿದ್ದೆ, ಅಲ್ಲಿಯೇ ಅನುಮಾನ ಬರಬೇಕಿತ್ತು. ಅದರ ಎನ್‌ಎಂಸಿಎಲ್‌ಐ ಎಂಬ ಆದೇಶದಿಂದ ತಂತಿಯ ಸಂಪರ್ಕಕ್ಕೆ 192.168.1.50 ವಿಳಾಸ ಕೊಟ್ಟು, ವಿಧಾನವನ್ನು ಕೈಯಾರೆ ಎಂದು ಬದಲಿಸಿ, ಸಂಪರ್ಕವನ್ನು ಇಳಿಸಿ ಏರಿಸಿದಾಗ ಎರಡು ನಿಮಿಷದಲ್ಲಿ ಕೆಲಸವಾಯಿತು. ಆಚೆಯ ಯಂತ್ರ ಓಗೊಡುತ್ತದೆಯೇ ಎಂದು ನೋಡಲು ಕಳಿಸುವ ಪಿಂಗ್ ಸಂದೇಶ ಒಂದು ಮಿಲಿಸೆಕೆಂಡಿನೊಳಗೆ ಮರಳಿತು. ಎರಡು ಯಂತ್ರಗಳ ನೇರ ಜೋಡಣೆಗೆ ಎಳೆಗಳನ್ನು ಅದಲುಬದಲು ಮಾಡಿದ ಕ್ರಾಸ್ ತಂತಿ ಬೇಕೇ ಎಂದು ಕೇಳುವವರಿಗಾಗಿ ಒಂದು ಮಾತು: ಪೈ ತಾನೇ ಜೋಡಿಗಳನ್ನು ಗುರುತಿಸಿ ಹೊಂದಿಸಿಕೊಳ್ಳುತ್ತದೆ, ಸಾಮಾನ್ಯ ತಂತಿ ಸಾಕು.

ಕಾರ್ಡನ್ನು ಹೊಸದಾಗಿ ಬರೆದ ಮೇಲೆ ಲ್ಯಾಪ್‌ಟಾಪ್ ಪೈಯ ಗುರುತಿನ ಕೀಲಿ ಬದಲಾಗಿದೆ ಎಂದು ಎಚ್ಚರಿಸಿ ಎಸ್‌ಎಸ್‌ಎಚ್‌ಗೆ ಅಡ್ಡ ನಿಂತಿತು. ಹಳೆಯ ಕೀಲಿಯನ್ನು ಅಳಿಸಿದರೆ ಸರಿಹೋಗುತ್ತದೆ.

ನವೆಂಬರ್ 10, ಭಾನುವಾರ: ಕಚೇರಿಯ ಇಂಟರ್ನೆಟ್ ನಿಲ್ಲಿಸಿದ ದಿನ

ಪೈಯನ್ನು ಕಾರಟಗಿಗೆ ಒಯ್ದು, ಉದ್ದ ತಂತಿ ಎಳೆಯುವ ಮೊದಲು ಕಚೇರಿಯ ಮೇಜಿನ ಮೇಲೆಯೇ ಅಲ್ಲಿನ ಕಂಪ್ಯೂಟರಿಗೆ ಜೋಡಿಸಿದೆ. ಕಂಪ್ಯೂಟರ್ ವಿಂಡೋಸ್ 10ರದ್ದು, ಇಂಟರ್ನೆಟ್ ವೈಫೈ ಮೂಲಕ ಬರುತ್ತಿತ್ತು, ಲ್ಯಾನ್ ಕಿಂಡಿ ಖಾಲಿಯಿತ್ತು. ಅದಕ್ಕೆ 192.168.1.49 ಕೊಟ್ಟ ಕೂಡಲೇ ಗುಮಾಸ್ತರ ಬ್ಯಾಂಕಿನ ಪುಟ ನಿಂತುಹೋಯಿತು.

ಕಚೇರಿಯ ರೂಟರ್ ಕೂಡ 192.168.1ರ ಸಾಲಿನಲ್ಲೇ ಇತ್ತು. ವೈಫೈ ಒಂದು, ತಂತಿ ಇನ್ನೊಂದು, ಎರಡೂ ಒಂದೇ ಸಾಲು. ಕಂಪ್ಯೂಟರಿನ ದೃಷ್ಟಿಯಲ್ಲಿ ರೂಟರ್ ತಂತಿಯ ಆಚೆಗೂ ಇರಬಹುದು, ಮತ್ತು ಅದು ತಂತಿಗೆ ಮೊದಲ ಆದ್ಯತೆ ಕೊಟ್ಟಿತು. ನನ್ನ ಮನೆಯ ರೂಟರ್ 192.168.0ರ ಸಾಲಿನದ್ದಾದ ಕಾರಣ ಹಿಂದಿನ ದಿನ ಈ ದೋಷ ಕಾಣಿಸಿರಲಿಲ್ಲ. ಖಾಸಗಿ ಬಳಕೆಗೆಂದು ಬಿಟ್ಟಿರುವ ವಿಳಾಸಗಳ ಮೂರು ಗುಂಪುಗಳಿವೆ: 10ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು, ಮತ್ತು 192.168ರವು. ಮನೆ, ಅಂಗಡಿಗಳ ರೂಟರ್‌ಗಳಲ್ಲಿ ಹೆಚ್ಚಿನವು ಮೂರನೆಯ ಗುಂಪಿನ ಮೊದಲ ಸಾಲುಗಳಲ್ಲೇ ಇರುವುದರಿಂದ ಅಲ್ಲಿ ಕೈ ಹಾಕಲೇಬಾರದಿತ್ತು. ಕಂಪ್ಯೂಟರಿಗೆ 10.20.30.1, ಪೈಗೆ 10.20.30.2, ವಿಳಾಸದ ಮೊದಲ ಮೂರು ಸಂಖ್ಯೆಗಳು ಜಾಲದ ಗುರುತೆಂದು ಹೇಳುವ ಮಾಸ್ಕ್ 255.255.255.0 ಎಂದು ನಿಗದಿ ಮಾಡಿದೆ.

ಇಂಟರ್ನೆಟ್ ಆದರೂ ಮರಳಲಿಲ್ಲ. ಗೇಟ್‌ವೇ ಎಂಬ ಜಾಗ ಖಾಲಿ ಬಿಟ್ಟರೆ ಅರ್ಜಿ ಅಪೂರ್ಣವಾದಂತೆ ಅನ್ನಿಸಿ ಅಲ್ಲಿ ಪೈಯ ವಿಳಾಸವನ್ನು ತುಂಬಿದ್ದೆ. ಹೊರಗಿನ ಲೋಕಕ್ಕೆ ಹೋಗುವ ದಾರಿ ಪೈ ಎಂದು ನಾನೇ ಕಂಪ್ಯೂಟರಿಗೆ ಹೇಳಿಕೊಟ್ಟಂತಾಗಿತ್ತು. ಎರಡೇ ಯಂತ್ರಗಳ ಖಾಸಗಿ ಜಾಲದಲ್ಲಿ ಗೇಟ್‌ವೇ ಖಾಲಿಯೇ ಇರಬೇಕು, ಎರಡೂ ಕಡೆ. ಆ ಜಾಗವನ್ನು ಅಳಿಸಿದ ಮೇಲೆ ಬ್ಯಾಂಕಿನ ಪುಟವೂ ತೆರೆಯಿತು, ಪೈಯೂ ಓಗೊಟ್ಟಿತು. ಆ ನಲವತ್ತು ನಿಮಿಷ ಗುಮಾಸ್ತರು ತಮ್ಮ ಕೆಲಸ ಬಿಟ್ಟು ಕಾದರು, ಅವರಿಗೆ ಮೊದಲೇ ಹೇಳಿ ಕೇಳಿ ಈ ಪರೀಕ್ಷೆ ಮಾಡಬೇಕಿತ್ತು.

ಅಂದೇ ಮಧ್ಯಾಹ್ನ ಇನ್ನೊಂದು ತಪ್ಪಾಯಿತು. ಇನ್ನು ವೈಫೈ ಬೇಡವೆಂದು ಪೈಯ ವೈಫೈಯನ್ನು ಮುಚ್ಚಿ, ಬರೆದ ವಿಳಾಸವನ್ನು ಮತ್ತೊಮ್ಮೆ ತಿದ್ದುವಾಗ 10.20.30.2 ಎಂಬುದರ ಬದಲು 10.20.20.2 ಎಂದು ಒತ್ತಿದೆ. ಸಂಪರ್ಕ ಕಡಿಯಿತು. ಏನು ಒತ್ತಿದೆನೆಂದು ನನಗೇ ಗೊತ್ತಿಲ್ಲದ ಕಾರಣ ಪೈ ಕೆಟ್ಟಿದೆ ಎಂದೇ ಭಾವಿಸಿದೆ.

ಬಿಡಿಸಿದ್ದು, ಜಾಲವಿಲ್ಲದೆ ಪೈಯೊಡನೆ ನೇರವಾಗಿ ಮಾತನಾಡಲು ಬಿಡುವ ಸೀರಿಯಲ್ ತಂತಿ. 220 ರೂಪಾಯಿಯ, 3.3 ವೋಲ್ಟ್ ಮಟ್ಟದ ಯುಎಸ್‌ಬಿ ಟಿಟಿಎಲ್ ತಂತಿ ನನ್ನ ಚೀಲದಲ್ಲಿತ್ತು. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಕಾನ್ಫಿಗ್ ಕಡತದಲ್ಲಿ ಸೀರಿಯಲ್ ಮಾತುಕತೆ ನಡೆಸುವ ಯುಎಆರ್‌ಟಿ ಭಾಗವನ್ನು ತೆರೆಯುವ ಸಾಲು ಸೇರಿಸಿದೆ, ಪೈ 3ರಲ್ಲಿ ಇದನ್ನು ಸೇರಿಸದಿದ್ದರೆ ಸೀರಿಯಲ್ ಮಾತನಾಡುವುದಿಲ್ಲ. ತಂತಿಯ ಗ್ರೌಂಡನ್ನು 6ನೇ ಪಿನ್ನಿಗೆ, ಅದರ ಸ್ವೀಕರಿಸುವ ಎಳೆಯನ್ನು ಪೈ ಕಳಿಸುವ 8ನೇ ಪಿನ್ನಿಗೆ, ಕಳಿಸುವ ಎಳೆಯನ್ನು ಪೈ ಸ್ವೀಕರಿಸುವ 10ನೇ ಪಿನ್ನಿಗೆ ಕೊಟ್ಟೆ. ಕೆಂಪು ಎಳೆಯನ್ನು ಎಲ್ಲಿಗೂ ಕೊಡಬಾರದು, ಪೈಗೆ ತನ್ನದೇ ವಿದ್ಯುತ್ ಇರುತ್ತದೆ. ವೇಗ 115200. ಕಪ್ಪು ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಏರಿ ಕೊನೆಗೆ ಲಾಗಿನ್ ಎಂಬ ಪದ ಬಂದು ನಿಂತಾಗ ಆದ ಸಮಾಧಾನವನ್ನು ನಾನು ಮರೆಯಲಾರೆ. ವಿಳಾಸ ತಿದ್ದಿದೆ. ಆ ಮೂರು ಎಳೆಗಳನ್ನು ಇಂದಿಗೂ ಪೈಯ ಪೆಟ್ಟಿಗೆಯೊಳಗೆ ಸುತ್ತಿ ಇಟ್ಟಿದ್ದೇನೆ, ಜಾಲ ಕೈಕೊಟ್ಟ ದಿನ ಒಳಹೋಗಲು ಅದೊಂದೇ ಬಾಗಿಲು.

ನವೆಂಬರ್ 16 ಮತ್ತು 17: ತಂತಿ

ಗೋದಾಮಿನಲ್ಲಿ ಹೆಗ್ಗಣಗಳಿವೆ. ಬರಿಯ ತಂತಿ ಒಂದು ತಿಂಗಳೂ ಉಳಿಯದೆಂದು ಮಾಮ ಹೇಳಿದ್ದರಿಂದ ಗೋಡೆಯುದ್ದಕ್ಕೂ 20 ಮಿಲಿಮೀಟರಿನ ಪಿವಿಸಿ ಪೈಪು ಹಾಕಿದೆವು. ಮೂರು ಮೀಟರಿನ 25 ಪೈಪುಗಳು, ಒಂದಕ್ಕೆ 68 ರೂಪಾಯಿ. ಪೈಪು ಕೂರಿಸಲು ಒಂದೂವರೆ ದಿನ ಹಿಡಿಯಿತು. ಮೊಣಕೈ ತಿರುವುಗಳಲ್ಲಿ ತಂತಿಯನ್ನು ಬಲವಾಗಿ ಜಗ್ಗಬಾರದೆಂದು, ಮೊದಲು ತಂತಿಯನ್ನು ಪೋಣಿಸಿ ನಂತರ ಪೈಪುಗಳನ್ನು ಒಂದಕ್ಕೊಂದು ಸೇರಿಸುತ್ತ ಹೋದೆವು.

ತಂತಿಯ ಆಯ್ಕೆಯಲ್ಲಿ ನಾನು ಹಣ ಉಳಿಸಲು ಹೋದೆ. 100 ಮೀಟರಿಗೆ 1,150 ರೂಪಾಯಿಯ ಸುರುಳಿ ಸಿಕ್ಕಿತು, ಮೇಲೆ ಎತರ್ನೆಟ್ ತಂತಿಯ ದರ್ಜೆಯಾದ ಕ್ಯಾಟ್ 5ಇ ಎಂದೇ ಅಚ್ಚಾಗಿತ್ತು. ಟಿ568ಬಿ ಕ್ರಮದಲ್ಲಿ ಎಳೆಗಳನ್ನು ಜೋಡಿಸಿದೆ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಭಾನುವಾರ ಸಂಜೆ ನೂರು ಪಿಂಗ್ ಕಳಿಸಿದರೆ 37 ಮರಳಲಿಲ್ಲ. ಕನೆಕ್ಟರನ್ನು ಬೆರಳಿನಿಂದ ಸ್ವಲ್ಪ ಅಲುಗಿಸಿದರೆ ಸಂಪರ್ಕ ಬರುವುದು, ಬಿಟ್ಟರೆ ಹೋಗುವುದು. ನಾಲ್ಕು ಸಲ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ, ಅಂದರೆ ಕನೆಕ್ಟರನ್ನು ಎಳೆಗಳ ಮೇಲೆ ಒತ್ತಿ ಕೂರಿಸಿದೆ. ನಂತರ ಪೈಯ ಲ್ಯಾನ್ ಕಿಂಡಿ ಸವೆದಿದೆ ಎಂದು ನಿರ್ಧರಿಸಿ, ಒಂದು ಮೀಟರ್ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿದರೆ ಸಾವಿರ ಪಿಂಗ್‌ನಲ್ಲಿ ಒಂದೂ ತಪ್ಪಲಿಲ್ಲ. ಆಗ ಮಲ್ಟಿಮೀಟರ್ ಕೈಗೆತ್ತಿಕೊಂಡೆ.

ಒಂದು ತುದಿಯಲ್ಲಿ ಕಿತ್ತಳೆ ಜೋಡಿಯ ಎರಡು ಎಳೆಗಳನ್ನು ಹೊಸೆದು, ಇನ್ನೊಂದು ತುದಿಯಲ್ಲಿ ರೋಧ ಅಳೆದೆ. 19.8 ಓಮ್ ಬಂತು. ಈ ದಪ್ಪದ ಶುದ್ಧ ತಾಮ್ರವಾಗಿದ್ದರೆ 72 ಮೀಟರಿನ ಹೋಗಿಬರುವ ದಾರಿಗೆ 12 ಓಮ್ ಆಸುಪಾಸಿನಲ್ಲಿರಬೇಕು. ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದಾಗ ತಾಮ್ರದ ಬಣ್ಣ ಸಿಪ್ಪೆಯಂತೆ ಎದ್ದು ಒಳಗೆ ಬೆಳ್ಳಗೆ ಹೊಳೆಯಿತು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅದೇ ಎಳೆಯನ್ನು ಉಗುರಿನ ಮೇಲಿಟ್ಟು ಮೂರು ಸಲ ಹಿಂದೆ ಮುಂದೆ ಬಗ್ಗಿಸಿದೆ, ಮುರಿದು ಬಿತ್ತು. ಕ್ರಿಂಪ್ ಮಾಡುವಾಗ ಕನೆಕ್ಟರಿನೊಳಗೆ ಇದೇ ನಡೆಯುತ್ತಿತ್ತು: ಎಳೆ ಮುರಿದಿರುತ್ತದೆ, ತುದಿಗಳು ತಾಗಿಕೊಂಡಿರುತ್ತವೆ, ಅಲುಗಿದರೆ ಬೇರಾಗುತ್ತವೆ. ಕೊಳ್ಳುವ ದಿನವೇ ಅಂಗಡಿಯ ಬಾಗಿಲಲ್ಲಿ ಬ್ಲೇಡಿನಿಂದ ಒಂದು ಸಲ ಕೆರೆದು ನೋಡಿದ್ದರೆ ಸಾಕಿತ್ತು.

ನವೆಂಬರ್ 23: ತಾಮ್ರದ ತಂತಿ

2,400 ರೂಪಾಯಿ ಕೊಟ್ಟು ಶುದ್ಧ ತಾಮ್ರದ ಸುರುಳಿ ತಂದೆ, ಈ ಸಲ ಅಂಗಡಿಯಲ್ಲೇ ಕೆರೆದು ನೋಡಿ. ಹಳೆಯ ತಂತಿಯ ತುದಿಗೆ ಹೊಸದನ್ನು ಕಟ್ಟಿ ಎಳೆದದ್ದರಿಂದ ಪೈಪುಗಳನ್ನು ಬಿಚ್ಚುವ ಪ್ರಮೇಯ ಬರಲಿಲ್ಲ, ತಿರುವುಗಳಲ್ಲಿ ಮಾತ್ರ ಮೂರು ಕಡೆ ಬಿಚ್ಚಿದೆವು. ಹೊಸೆದು ಅಳೆದಾಗ 12.4 ಓಮ್. ಸಾವಿರ ಪಿಂಗ್‌ನಲ್ಲಿ ಒಂದೂ ತಪ್ಪಲಿಲ್ಲ.

ನವೆಂಬರ್ 24 ಮತ್ತು 30: ಅದೇ ತಂತಿಯಲ್ಲಿ ವಿದ್ಯುತ್

ಒಣ ಭತ್ತ, ಗೋಣಿಚೀಲ, ಧೂಳು ತುಂಬಿದ ಜಾಗದಲ್ಲಿ 230 ವೋಲ್ಟಿನ ಹೊಸ ಪ್ಲಗ್ ಹಾಕುವುದು ನನಗಾಗಲಿ ಮಾಮನಿಗಾಗಲಿ ಒಪ್ಪಿಗೆಯಿರಲಿಲ್ಲ. 100 ಎಂಬಿಪಿಎಸ್ ಎತರ್ನೆಟ್ ಕಿತ್ತಳೆ ಮತ್ತು ಹಸಿರು ಜೋಡಿಗಳನ್ನು ಮಾತ್ರ ಬಳಸುತ್ತದೆ, ನೀಲಿ ಮತ್ತು ಕಂದು ಜೋಡಿಗಳು ಖಾಲಿ. ಪೈ 3ರ ಕಿಂಡಿ 100 ಎಂಬಿಪಿಎಸ್‌ನದ್ದೇ. ಆದ್ದರಿಂದ ನೀಲಿ ಜೋಡಿಯಲ್ಲಿ ಧನ, ಕಂದು ಜೋಡಿಯಲ್ಲಿ ಋಣ ಕಳಿಸುವ ಯೋಜನೆ ಮಾಡಿದೆ. ಇದಕ್ಕೆಂದೇ ಸಿಗುವ, ತಂತಿಗೆ ವಿದ್ಯುತ್ ಸೇರಿಸುವ ಇಂಜೆಕ್ಟರ್ ಮತ್ತು ಆಚೆ ತುದಿಯಲ್ಲಿ ಅದನ್ನು ಬೇರ್ಪಡಿಸುವ ಸ್ಪ್ಲಿಟರ್ ಜೋಡಿಗೆ 180 ರೂಪಾಯಿ.

24ರಂದು ಕಚೇರಿಯ ಕಡೆಯಿಂದ 5 ವೋಲ್ಟನ್ನೇ ನೇರವಾಗಿ ಕಳಿಸಿದೆ. ಆಚೆ ತುದಿಯಲ್ಲಿ ಏನೂ ಜೋಡಿಸದೆ ಅಳೆದರೆ 5.1 ವೋಲ್ಟ್ ಇತ್ತು, ಖುಷಿಪಟ್ಟೆ. ಪೈ ಜೋಡಿಸಿದ ಕ್ಷಣ ಅದು ನಾಲ್ಕಕ್ಕಿಂತ ಕೆಳಗಿಳಿದು ಅಲ್ಲೇ ತೂಗಾಡಿತು. 4.63 ವೋಲ್ಟಿಗಿಂತ ಕೆಳಗಿಳಿದರೆ ಆರುವ ಪೈಯ ಕೆಂಪು ದೀಪ ಮಿಟುಕುತ್ತಲೇ ಇತ್ತು. ಹಿಂದಿನ ದಿನವಷ್ಟೇ ಅಳೆದ ಸಂಖ್ಯೆ ಪುಸ್ತಕದಲ್ಲಿತ್ತು: ಒಂದು ಜೋಡಿಯ ಎರಡು ಎಳೆಗಳು ಸೇರಿ ಒಂದೊಂದು ದಿಕ್ಕಿಗೆ ಹೋಗುವುದರಿಂದ ರೋಧ 12.4ರ ಅರ್ಧ, 6.2 ಓಮ್. ಪೈ ಏಳುವಾಗ ಅರ್ಧ ಆಂಪಿಯರ್ ಎಳೆದರೂ ದಾರಿಯಲ್ಲೇ 3.1 ವೋಲ್ಟ್ ಕಳೆದುಹೋಗುತ್ತದೆ. ಗುಣಾಕಾರ ಮಾಡದೆಯೇ ತಂತಿ ಜೋಡಿಸಿದ್ದೆ.

30ರಂದು ಕಚೇರಿಯಲ್ಲಿ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಮತ್ತು ಅದರ ಚಾರ್ಜರ್ ಇಟ್ಟು, ಧನ ತಂತಿಗೆ 1 ಆಂಪಿಯರ್ ಫ್ಯೂಸ್ ಹಾಕಿ, ಪೈ ಕಡೆ 12ರಿಂದ 5.1 ವೋಲ್ಟಿಗೆ ಇಳಿಸುವ ಬಕ್ ಹಲಗೆ ಕೂರಿಸಿದೆ. ಪೈಗೆ ಜೋಡಿಸುವ ಮೊದಲೇ ಬಕ್ ಹಲಗೆಯ ತಿರುಪನ್ನು ತಿರುಗಿಸಿ 5.1ಕ್ಕೆ ನಿಲ್ಲಿಸಬೇಕು, ಕೊಳ್ಳುವಾಗ ಅದು ಎಷ್ಟಕ್ಕೆ ನಿಂತಿರುತ್ತದೋ ಹೇಳಲಾಗದು. ಬ್ಯಾಟರಿಯಲ್ಲಿ 12.7 ವೋಲ್ಟ್, ಆಚೆ ತುದಿಯಲ್ಲಿ ಪೈ ಓಡುತ್ತಿರುವಾಗ 11.4 ವೋಲ್ಟ್, ಬಕ್‌ನಿಂದ ಹೊರಗೆ 5.1. ಎಳೆತ 0.2 ಆಂಪಿಯರ್. ಕರೆಂಟ್ ಹೋದರೂ ಪೈ ನಿಲ್ಲದು ಎಂಬ ಲಾಭ ಇದರ ಜೊತೆಗೇ ಬಂತು.

ಆ ಸಂತೋಷದಲ್ಲೇ 650 ರೂಪಾಯಿ ಸುಟ್ಟೆ. ಗೋದಾಮಿನ ತುದಿಯಲ್ಲಿ ಜಾಲವನ್ನು ಪರೀಕ್ಷಿಸಲು, ಸ್ಪ್ಲಿಟರಿನಿಂದ ಹೊರಬರುವ ಕಿಂಡಿಯ ಬದಲು, ಗೋಡೆಯಿಂದ ಬಂದ ತಂತಿಯನ್ನೇ ನೇರವಾಗಿ ಲ್ಯಾಪ್‌ಟಾಪಿನ ಯುಎಸ್‌ಬಿ ಅಡಾಪ್ಟರಿಗೆ ಚುಚ್ಚಿದೆ. ಖಾಲಿ ಜೋಡಿಗಳೂ ಕಿಂಡಿಯೊಳಗೆ ಸಣ್ಣ ರೋಧಕಗಳ ಮೂಲಕ ಒಂದಕ್ಕೊಂದು ಸೇರಿರುತ್ತವೆ, 12 ವೋಲ್ಟ್ ಅವುಗಳ ಮೂಲಕ ಹರಿಯಿತು. ಅರ್ಧ ನಿಮಿಷದಲ್ಲಿ ಕಾದ ಪ್ಲಾಸ್ಟಿಕ್ಕಿನ ವಾಸನೆ ಬಂತು, ಅಡಾಪ್ಟರ್ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಲ್ಯಾಪ್‌ಟಾಪ್ ಉಳಿಯಿತು. ಈಗ ಆ ತಂತಿಯ ಎರಡೂ ತುದಿಗಳಿಗೆ ಕೆಂಪು ಟೇಪು ಸುತ್ತಿ, "12 ವೋಲ್ಟ್ ಇದೆ, ಕಂಪ್ಯೂಟರಿಗೆ ನೇರ ಹಾಕಬಾರದು" ಎಂದು ಬರೆದು ಅಂಟಿಸಿದ್ದೇನೆ. ಈ ವಿಧಾನ ಅನುಸರಿಸುವವರು ಟೇಪನ್ನು ಮೊದಲು ಸುತ್ತಿ, ವಿದ್ಯುತ್ತನ್ನು ನಂತರ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಡಿಸೆಂಬರ್ 1: ಒಂದೇ ದಿಕ್ಕಿನಲ್ಲಿ ಮಾತನಾಡುವ ಜಾಲ

ಪೈ ತನ್ನ ಅಳತೆಗಳ ಕಡತವನ್ನು ಕಂಪ್ಯೂಟರಿನ ಹಂಚಿಕೆಯ ಫೋಲ್ಡರಿಗೆ ತಾನೇ ಕಳಿಸಲಿ ಎಂಬುದು ನನ್ನ ಮೊದಲ ಯೋಜನೆಯಾಗಿತ್ತು. ಕಂಪ್ಯೂಟರಿನಿಂದ ಪೈಗೆ ಪಿಂಗ್ ಹೋಗುತ್ತಿತ್ತು, ಪೈಯಿಂದ ಕಂಪ್ಯೂಟರಿಗೆ ಮಾತ್ರ ಹೋಗುತ್ತಿರಲಿಲ್ಲ. ಹೊಸ ತಂತಿಯ ಒಂದು ಜೋಡಿ ಕೆಟ್ಟಿದೆ ಎಂಬ ನಿರ್ಧಾರಕ್ಕೆ ಬಂದು ಎರಡೂ ತುದಿ ಮತ್ತೆ ಕ್ರಿಂಪ್ ಮಾಡಿದೆ. ಇದು ಯೋಚನೆಯ ತಪ್ಪು: ಪಿಂಗ್ ಎಂದರೆ ಹೋಗುವುದು ಮತ್ತು ಮರಳುವುದು ಎರಡೂ ಸೇರಿದ್ದು, ಒಂದು ಕಡೆಯಿಂದ ಅದು ಸಫಲವಾದರೆ ಎರಡೂ ಜೋಡಿಗಳು ಸರಿಯಿವೆ ಎಂದೇ ಅರ್ಥ.

ಕಾರಣ ವಿಂಡೋಸಿನ ಫೈರ್‌ವಾಲ್. ಗೇಟ್‌ವೇ ಇಲ್ಲದ ಜಾಲವನ್ನು ವಿಂಡೋಸ್ ಗುರುತಿಸಲಾಗದ ಜಾಲವೆಂದು ಪರಿಗಣಿಸಿ ಸಾರ್ವಜನಿಕ ವರ್ಗಕ್ಕೆ ಸೇರಿಸುತ್ತದೆ, ಆ ವರ್ಗದಲ್ಲಿ ಹೊರಗಿನಿಂದ ಬರುವ ಕರೆಗಳಿಗೆ ಬಾಗಿಲು ಮುಚ್ಚಿರುತ್ತದೆ. ಫೈರ್‌ವಾಲನ್ನೇ ಪೂರ್ತಿ ಆರಿಸಿದರೆ ಕೆಲಸವಾಗುತ್ತದೆ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಗುಮಾಸ್ತರು ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಹಾಗೆ ಮಾಡುವುದು ನನಗೆ ಸರಿಕಾಣಲಿಲ್ಲ. ದಿಕ್ಕನ್ನೇ ತಿರುಗಿಸಿದೆ. ಪೈಯಲ್ಲಿ ಚಿಕ್ಕ ಪೈಥಾನ್ ಕಾರ್ಯಕ್ರಮವೊಂದು 8080ನೇ ಪೋರ್ಟಿನಲ್ಲಿ ಒಂದು ಪುಟವನ್ನು ತೆರೆದಿಡುತ್ತದೆ, ಕಂಪ್ಯೂಟರ್ ಬೇಕಾದಾಗ ಕೇಳಿ ಪಡೆಯುತ್ತದೆ. ಕಂಪ್ಯೂಟರಿನ ಒಂದು ಬಾಗಿಲನ್ನೂ ತೆರೆಯಬೇಕಾಗಲಿಲ್ಲ. ಪೈಯೊಳಗೆ ಹೋಗಲು ಗುಪ್ತಪದವನ್ನು ಮುಚ್ಚಿ ಕೀಲಿಯ ಕಡತವನ್ನಷ್ಟೇ ಉಳಿಸಿದೆ.

ಡಿಸೆಂಬರ್ 7: ಸೆನ್ಸರ್‌ಗಳು

ಡಿಎಸ್18ಬಿ20 ಸೆನ್ಸರ್‌ಗಳು ಆರು, ಒಂದಕ್ಕೆ 130 ರೂಪಾಯಿ. ತೂತು ಕೊರೆದ ಪಿವಿಸಿ ತುಂಡುಗಳೊಳಗೆ ಅವುಗಳನ್ನು ಇಟ್ಟು, ಹಮಾಲರು ನಿಟ್ಟು ಹಾಕುವಾಗಲೇ ಚೀಲಗಳ ನಡುವೆ ಸೇರಿಸಿದೆವು. ಆರೂ ಒಂದೇ ತಂತಿಯ ಮೇಲೆ ಸಾಲಾಗಿ, 18 ಮೀಟರ್ ಉದ್ದಕ್ಕೆ. ಮೊದಲ ಗಂಟೆಯಲ್ಲೇ ನಾಲ್ಕನೆಯದು ನಡುನಡುವೆ 85 ಡಿಗ್ರಿ ತೋರಿಸಿತು. ಗುಮಾಸ್ತರು ಗಾಬರಿಯಿಂದ ಓಡಿ ಬಂದರು. 85 ಎಂಬುದು ಭತ್ತದ ಕಾವಲ್ಲ, ಅಳತೆ ಮುಗಿಯುವ ಮೊದಲೇ ವಿದ್ಯುತ್ ತಪ್ಪಿ ಸೆನ್ಸರ್ ಹೊಸದಾಗಿ ಎದ್ದಾಗ ಅದರಲ್ಲಿ ಇರುವ ಆರಂಭದ ಸಂಖ್ಯೆ. ಕೆಂಪು ಎಳೆಯ ಒಂದು ಬೆಸುಗೆ ಸಡಿಲವಾಗಿತ್ತು. ಅದನ್ನು ಸರಿಪಡಿಸಿ, ಉದ್ದ ಹೆಚ್ಚಿದ್ದರಿಂದ, ಅಳತೆ ಸಾಗಿಸುವ ಎಳೆಯನ್ನು ವಿದ್ಯುತ್ತಿಗೆ ಸೇರಿಸುವ 4.7 ಕಿಲೋ ಓಮ್ ರೋಧಕದ ಜಾಗದಲ್ಲಿ 2.2 ಕಿಲೋ ಓಮ್ ಹಾಕಿದೆ. ನಿಖರವಾಗಿ 85 ಬಂದರೆ ಆ ಅಳತೆಯನ್ನು ಬಿಟ್ಟುಬಿಡುವಂತೆ ಕಾರ್ಯಕ್ರಮದಲ್ಲೂ ಒಂದು ಸಾಲು ಸೇರಿಸಿದೆ.

ಡಿಸೆಂಬರ್ 14 ಮತ್ತು 15: ಹೊತ್ತು ತಪ್ಪಿದ ಗಡಿಯಾರ

ಒಂದು ವಾರದ ಅಳತೆಗಳನ್ನು ಮಾಮನಿಗೆ ತೋರಿಸುತ್ತಿದ್ದೆ. ಅವರು ಹೊರಗಿನ ಗಾಳಿಯ ಸಾಲನ್ನು ಬೆರಳಿಟ್ಟು ಓದುತ್ತ, "ಮುಂಜಾನೆ ಒಂಬತ್ತಕ್ಕ ತಗಡು ಇಷ್ಟು ಕಾಯತೈತೇನೋ ಅಳಿಯಾ? ಇದು ಮಧ್ಯಾಹ್ನದ ಬಿಸಿಲು" ಎಂದರು. ಅವರ ಮಾತು ಸರಿಯಿತ್ತು. ಪೈ 3ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಇಂಟರ್ನೆಟ್ ಇದ್ದರೆ ಸಮಯ ಅಲ್ಲಿಂದ ಬರುತ್ತದೆ, ಇಲ್ಲದಿದ್ದರೆ ಕೊನೆಯ ಸಲ ಉಳಿಸಿಟ್ಟ ಸಮಯದಿಂದಲೇ ಮುಂದುವರಿಯುತ್ತದೆ. ಚಾರ್ಜರಿನ ಪ್ಲಗ್ಗನ್ನು ಕಸ ಗುಡಿಸುವವರು ಕಿತ್ತಿಟ್ಟು ಬ್ಯಾಟರಿ ಪೂರ್ತಿ ಇಳಿದು, ಪೈ ಆರು ಗಂಟೆ ನಿಂತು ಮತ್ತೆ ಎದ್ದಿತ್ತು. ಮಧ್ಯಾಹ್ನದ ಮೂರು ಗಂಟೆ ಅದಕ್ಕೆ ಬೆಳಗಿನ ಒಂಬತ್ತಾಗಿತ್ತು. ಹೊರಜಗತ್ತಿನಿಂದ ಬೇರ್ಪಟ್ಟ ಜಾಲ ಕಟ್ಟುವಾಗ ಸಮಯವೂ ಹೊರಗಿನಿಂದಲೇ ಬರುತ್ತಿತ್ತೆಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

170 ರೂಪಾಯಿಯ ಡಿಎಸ್3231 ಗಡಿಯಾರದ ಹಲಗೆ ತಂದು 3.3 ವೋಲ್ಟಿನಲ್ಲಿ ಜೋಡಿಸಿದೆ. ಅದರ ತಪ್ಪು ಹತ್ತು ಲಕ್ಷದಲ್ಲಿ ಎರಡು ಭಾಗದಷ್ಟು, ಅಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ, ನಮ್ಮ ಕೆಲಸಕ್ಕೆ ಧಾರಾಳ. ಈ ಹಲಗೆಗಳಲ್ಲಿ ಹಲವಕ್ಕೆ ಮರುಚಾರ್ಜ್ ಆಗುವ ಬಿಲ್ಲೆಗೆಂದು ಚಾರ್ಜ್ ಮಾಡುವ ರೋಧಕವೊಂದಿರುತ್ತದೆ, ನಾವು ಹಾಕುವುದು ಚಾರ್ಜ್ ಮಾಡಬಾರದ ಸಿಆರ್2032 ಬಿಲ್ಲೆ. ಆ ರೋಧಕವನ್ನು ಬೆಸುಗೆ ಕಡ್ಡಿಯಿಂದ ಕಿತ್ತು ತೆಗೆದೆ. ಪೈಯನ್ನು ಬೇಕೆಂದೇ ಎರಡು ಗಂಟೆ ಆರಿಸಿ ಎಬ್ಬಿಸಿದಾಗ ಸಮಯ ಕೈಗಡಿಯಾರಕ್ಕೆ ಸರಿಹೊಂದಿತು. ಚಾರ್ಜರಿನ ಪ್ಲಗ್ಗಿಗೂ ಕೆಂಪು ಟೇಪು ಬಿತ್ತು. ಹಿಂದಿನ ವಾರದ ಅಳತೆಗಳನ್ನು ಸರಿಪಡಿಸುವ ಬದಲು ಅಳಿಸಿಹಾಕಿದೆ, ಯಾವ ಹೊತ್ತಿನಿಂದ ಸಮಯ ತಪ್ಪಿತೆಂದು ಖಚಿತವಾಗಿ ಹೇಳುವುದು ಸಾಧ್ಯವಿರಲಿಲ್ಲ.

ಖರ್ಚು

ಕಾರ್ಡು 450, ಅಲ್ಯೂಮಿನಿಯಂ ತಂತಿ 1,150, ತಾಮ್ರದ ತಂತಿ 2,400, ಕನೆಕ್ಟರ್‌ಗಳು 160, ಪೈಪು 1,700, ಯುಎಸ್‌ಬಿ ಅಡಾಪ್ಟರ್ ಎರಡು 1,300, ಇಂಜೆಕ್ಟರ್ ಜೋಡಿ 180, ಬಕ್ ಹಲಗೆ 120, ಬ್ಯಾಟರಿ 1,050, ಚಾರ್ಜರ್ 600, ಸೆನ್ಸರ್‌ಗಳು 780, ಗಡಿಯಾರದ ಹಲಗೆ 170, ಸೀರಿಯಲ್ ತಂತಿ 220, ಪೆಟ್ಟಿಗೆ ಮತ್ತು ಗ್ಲ್ಯಾಂಡುಗಳು 380. ಒಟ್ಟು 10,660 ರೂಪಾಯಿ. ಇದರಲ್ಲಿ ಅಲ್ಯೂಮಿನಿಯಂ ತಂತಿ ಮತ್ತು ಸುಟ್ಟ ಅಡಾಪ್ಟರಿನ 1,800 ರೂಪಾಯಿಯನ್ನು ನಾನು ಮಾಮನ ಲೆಕ್ಕಕ್ಕೆ ಹಚ್ಚಲಿಲ್ಲ.

ಉಳಿದಿರುವುದು

ಅಳತೆಗಳನ್ನು ಊರಿನಲ್ಲಿ ಕುಳಿತು ಫೋನಿನಲ್ಲಿ ನೋಡಬೇಕೆಂಬ ಆಸೆ ಮಾಮನಿಗಿದೆ. ಇಂಟರ್ನೆಟ್ಟಿನ ಮೂಲಕ ಎರಡು ಕಡೆಗಳನ್ನು ಗುಪ್ತವಾಗಿ ಬೆಸೆಯುವ ವೈರ್‌ಗಾರ್ಡ್ ಸುರಂಗದ ಮೂಲಕ ಮಾಡಬಹುದೆಂದು ಡಿಸೆಂಬರ್ 15ರ ಸಂಜೆ ಪ್ರಯತ್ನಿಸಿದೆ. ಕಚೇರಿಯ ಇಂಟರ್ನೆಟ್ ಸಿಮ್ ಹಾಕಿದ ರೂಟರಿನದ್ದು, ಅದಕ್ಕೆ ಸಿಕ್ಕಿರುವ ವಿಳಾಸ 100.64ರಿಂದ ಆರಂಭವಾಗುವ, ಕಂಪನಿಯು ಬಹಳ ಗ್ರಾಹಕರ ನಡುವೆ ಹಂಚುವ ವಿಳಾಸ. ಹೊರಗಿನಿಂದ ಅದರ ಬಾಗಿಲು ತಟ್ಟಲು ಬರುವುದಿಲ್ಲ. ಸಾರ್ವಜನಿಕ ವಿಳಾಸವಿರುವ ಒಂದು ಬಾಡಿಗೆಯ ಸರ್ವರ್ ನಡುವೆ ಇದ್ದರೆ ಎರಡೂ ಕಡೆಯಿಂದ ಅಲ್ಲಿಗೆ ಹೋಗಿ ಸೇರಬಹುದು, ಆದರೆ ತಿಂಗಳ ಬಾಡಿಗೆ ಕೊಟ್ಟು ಗೋದಾಮಿನ ಜಾಲವನ್ನು ಹೊರಕ್ಕೆ ತೆರೆಯಲು ನಾನು ಇನ್ನೂ ಒಪ್ಪಿಲ್ಲ. ಸದ್ಯಕ್ಕೆ ಬೆಳಿಗ್ಗೆ ಎಂಟಕ್ಕೆ ಮಾಮ ಕಚೇರಿಗೆ ಫೋನ್ ಮಾಡುತ್ತಾರೆ, ಗುಮಾಸ್ತರು 10.20.30.2ರ ಪುಟ ತೆರೆದು ಆರು ಸಂಖ್ಯೆಗಳನ್ನು ಓದಿ ಹೇಳುತ್ತಾರೆ, ಮಾಮ ಅವನ್ನು ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾರೆ.